ಚಕ್ರ ತಿರುಗುತ್ತದೆ, ರಕ್ತ ಓಡುತ್ತದೆ, ಚಕ್ರಕ್ಕೆ ಮಾತ್ರ ರಕ್ತ ತಾಗುವುದೇ ಇಲ್ಲ. ಇದು ಯಾವ ಪಂಪು?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ ಎಂಟು ತಿಂಗಳಿಂದ ಡಯಾಲಿಸಿಸ್ ನಡೆಯುತ್ತಿದೆ. ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ. ಅಪ್ಪ ಅರ್ಧ ಹೊತ್ತು ನಿದ್ದೆ ಮಾಡುತ್ತಾರೆ. ಪಕ್ಕದ ಕುರ್ಚಿಯಲ್ಲಿ ನನಗೆ ಕೆಲಸ ಇಲ್ಲ. ಮೊಬೈಲ್ ನೋಡಿ ನೋಡಿ ಬೇಜಾರಾದ ಮೇಲೆ ಮಷೀನನ್ನೇ ನೋಡಲು ಶುರುಮಾಡಿದೆ.

ಮಷೀನಿನ ಮುಂದೆ ಅಂಗೈ ಅಗಲದ ಒಂದು ಗುಂಡನೆಯ ಗೂಡು ಇದೆ. ಅದರೊಳಗೆ ತಿರುಗುವ ಒಂದು ತುಂಡು, ಅದರ ಎರಡು ತುದಿಗೆ ಎರಡು ಸಣ್ಣ ರೋಲರ್. ಅಪ್ಪನ ಕೈಯಿಂದ ಬಂದ ಟ್ಯೂಬು ಕುದುರೆ ಲಾಳದ ಹಾಗೆ ಬಾಗಿ ಆ ಗೂಡಿನ ಗೋಡೆಗೆ ಒರಗಿಕೊಂಡಿದೆ. ರೋಲರ್ ಅದನ್ನು ಅಮುಕುತ್ತಾ ಸುತ್ತುತ್ತದೆ. ಅಷ್ಟೇ. ಒಳಗೆ ಫ್ಯಾನ್ ಇಲ್ಲ, ವಾಲ್ವ್ ಇಲ್ಲ. ನಮ್ಮ ತೋಟದ ಮೋಟಾರು ಬಿಚ್ಚಿ ನೋಡಿದವನಿಗೆ ಇದು ಪಂಪು ಅಂತ ಒಪ್ಪಿಕೊಳ್ಳೋಕೇ ಕಷ್ಟ.

ನನ್ನ ಪ್ರಶ್ನೆ ಎರಡು. ಮುಂದಕ್ಕೆ ನೂಕುವುದು ಅರ್ಥವಾಯಿತು, ಆದರೆ ಹಿಂದಿನಿಂದ ರಕ್ತವನ್ನು ಎಳೆಯುವುದು ಯಾವುದು? ಮತ್ತೆ, ಕರೆಂಟ್ ಹೋದರೆ ಟ್ಯೂಬಿನಲ್ಲಿರುವ ರಕ್ತದ ಗತಿ ಏನು? ಎರಡನೆಯದನ್ನು ಅಲ್ಲಿಯ ಸಿಸ್ಟರ್ ಹತ್ತಿರ ಕೇಳಲು ಅಪ್ಪನ ಎದುರು ಮನಸ್ಸು ಬರಲಿಲ್ಲ.

ಪಂಪ್‌ಭಟ್ಟ:
ಅದಕ್ಕೆ ಪೆರಿಸ್ಟಾಲ್ಟಿಕ್ ಪಂಪ್ ಅಂತ ಹೆಸರು. ನಾನು ನೀರು ಶುದ್ಧೀಕರಣದ ಕಡೆ 22 ವರ್ಷ ಕೆಲಸ ಮಾಡಿದವನು. ಡಯಾಲಿಸಿಸ್ ಬಗ್ಗೆ ಗೊತ್ತಿಲ್ಲ, ಆದರೆ ಈ ಪಂಪಿನ ಜೊತೆ ಜಗಳ ಆಡಿ ಅಭ್ಯಾಸ ಇದೆ.

ನಾವು ತುತ್ತು ನುಂಗುತ್ತೇವಲ್ಲ, ಅನ್ನನಾಳ ಅದನ್ನು ಸುಮ್ನೆ ಕೆಳಗೆ ಬೀಳಿಸುವುದಿಲ್ಲ. ತುತ್ತಿನ ಹಿಂದೆ ಬಿಗಿಯಾಗುತ್ತದೆ, ಮುಂದೆ ಸಡಿಲವಾಗುತ್ತದೆ. ಆ ಬಿಗಿ ಅಲೆ ಹಾಗೇ ಹೊಟ್ಟೆಯ ಕಡೆ ಸಾಗುತ್ತದೆ. ತಲೆಕೆಳಗಾಗಿ ನಿಂತು ನುಂಗಿದರೂ ತುತ್ತು ಹೊಟ್ಟೆಗೇ ಹೋಗುವುದು ಅದಕ್ಕೇ. ಈ ಪಂಪು ಮಾಡುವುದೂ ಅದನ್ನೇ. ಸ್ನಾಯುವಿನ ಬದಲು ರೋಲರ್ ಇದೆ.

ಓದಿದರೆ ಅರ್ಧ ತಿಳಿಯುತ್ತದೆ, ಮಾಡಿ ನೋಡಿದರೆ ಪೂರ್ತಿ. ಅಡುಗೆಮನೆ ಕಟ್ಟೆಯ ಮೇಲೆ ಒಂದು ಮೆತ್ತನೆಯ ಟ್ಯೂಬು ಚಾಚಿ. ಒಂದು ತುದಿ ಕೆಳಗೆ ಇಳಿಬಿಟ್ಟು ನೀರಿನ ಲೋಟದಲ್ಲಿ ಮುಳುಗಿಸಿ. ಲೋಟ ಕಟ್ಟೆಗಿಂತ ಅರ್ಧ ಗೇಣು ಕೆಳಗಿರಲಿ, ಸ್ಟೂಲ್ ಮೇಲೆ ಇಟ್ಟರೆ ಆಯಿತು. ಈಗ ಲೋಟದ ಕಡೆಯಿಂದ ಲಟ್ಟಣಿಗೆ ಇಟ್ಟು ಟ್ಯೂಬು ಅಪ್ಪಚ್ಚಿಯಾಗುವಷ್ಟು ಒತ್ತಿ. ಹಾಗೇ ಒತ್ತಿಕೊಂಡು ಮುಂದಕ್ಕೆ ಉರುಳಿಸಿ.

ಲಟ್ಟಣಿಗೆಯ ಮುಂದಿರುವ ಗಾಳಿ ಆಚೆ ತುದಿಯಿಂದ ಹೊರಗೆ ಹೋಗುತ್ತದೆ. ಅದನ್ನು ಬಿಡಿ. ಲಟ್ಟಣಿಗೆಯ ಹಿಂದೆ ನೋಡಿ. ಚಪ್ಪಟೆಯಾಗಿದ್ದ ಟ್ಯೂಬು ಎದ್ದು ಮತ್ತೆ ದುಂಡಗಾಗುತ್ತದೆ. ಆ ಖಾಲಿ ಜಾಗ ತುಂಬಲು ಲೋಟದ ನೀರು ಒಳಗೆ ನುಗ್ಗುತ್ತದೆ. ಒಂದೂವರೆ ಗೇಣು ಉರುಳಿಸಿದರೆ ಹೆಚ್ಚುಕಡಿಮೆ ಅಷ್ಟೇ ಉದ್ದ ನೀರು ಬಂದಿರುತ್ತದೆ. ಅಂದರೆ ಎಳೆಯುವುದು ರೋಲರ್ ಅಲ್ಲ, ಟ್ಯೂಬು ಎದ್ದು ನಿಲ್ಲುವ ಗುಣ. ನಿಮ್ಮ ಮೊದಲ ಪ್ರಶ್ನೆಗೆ ಅದೇ ಉತ್ತರ.

ಈಗ ಲಟ್ಟಣಿಗೆ ಎತ್ತಿಬಿಡಿ. ನೀರು ಸೊರ್ರನೆ ವಾಪಸ್. ಅದಕ್ಕೇ ಎರಡನೇ ಲಟ್ಟಣಿಗೆ ಬೇಕು. ಮೊದಲನೆಯದು ಏಳುವ ಮೊದಲು ಎರಡನೆಯದು ಒತ್ತಿರಬೇಕು. ನೀವು ನೋಡಿದ ಎರಡು ರೋಲರ್ ಅದೇ. ಯಾವ ಗಳಿಗೆಯಲ್ಲೂ ಕನಿಷ್ಠ ಒಂದು ಟ್ಯೂಬನ್ನು ಬಿಗಿಯಾಗಿ ಮುಚ್ಚಿರುತ್ತದೆ. ವಾಲ್ವ್ ಯಾಕಿಲ್ಲ ಅಂದರೆ, ರೋಲರೇ ವಾಲ್ವ್.

ಸುಮ್ನೆ_ಬಂದೆ:
ಶೀರ್ಷಿಕೆಯಲ್ಲಿ ಪಂಪು ಅಂತ ನೋಡಿ ಹಳಗನ್ನಡದ ಚರ್ಚೆ ಅಂದುಕೊಂಡು ಒಳಗೆ ಬಂದೆ. ಈಗ ಹೆಂಡತಿಯ ಲಟ್ಟಣಿಗೆ ಹಿಡಿದು ಅಡುಗೆಮನೆಯಲ್ಲಿ ನಿಂತಿದ್ದೇನೆ.

ಸೂಜಿಮಲ್ಲಿಗೆ:
ನಾನು ಡಯಾಲಿಸಿಸ್ ಟೆಕ್ನಾಲಜಿಸ್ಟ್. ತುಂಗಾತೀರ ಅವರೇ, ಎರಡನೇ ಪ್ರಶ್ನೆ ಕೇಳಲು ಸಂಕೋಚ ಬೇಡ. ನಾಳೆಯೇ ಕೇಳಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಕರೆಂಟ್ ಹೋದ ಕೂಡಲೇ ಜನರೇಟರ್ ಬರುವವರೆಗೆ ಬ್ಲಡ್ ಪಂಪನ್ನು ಓಡಿಸಲು ಈಗಿನ ಹೆಚ್ಚಿನ ಮಷೀನುಗಳಲ್ಲಿ ಬ್ಯಾಟರಿ ಇರುತ್ತದೆ. ಅದೂ ಕೈಕೊಟ್ಟರೆ ಹಿಡಿ ಇದೆ. ಮಷೀನಿನ ಹಿಂದೆಯೋ ಪಂಪಿನ ಮೇಲೆಯೋ ಒಂದು ಮಡಚುವ ಹಿಡಿ ಇರುತ್ತದೆ. ಅದನ್ನು ಚಕ್ರಕ್ಕೆ ಸಿಕ್ಕಿಸಿ ಕೈಯಿಂದಲೇ ತಿರುಗಿಸಿ ರಕ್ತವನ್ನು ದೇಹಕ್ಕೆ ವಾಪಸ್ ಕಳಿಸುತ್ತೇವೆ. ನಮಗೆ ಟ್ರೈನಿಂಗ್‌ನಲ್ಲಿ ಇದನ್ನು ಮಾಡಿಸಿಯೇ ಬಿಡುತ್ತಾರೆ. ಬಾಣದ ಗುರುತು ಇರುವ ಕಡೆಗೇ ತಿರುಗಿಸಬೇಕು, ಅದೂ ನಿಧಾನವಾಗಿ. ಕರೆಂಟ್ ಇಲ್ಲದಾಗ ಗಾಳಿಗುಳ್ಳೆ ಹಿಡಿಯುವ ಸೆನ್ಸರ್ ಕೆಲಸ ಮಾಡುವುದಿಲ್ಲ. ವಾಪಸ್ ಹೋಗುವ ದಾರಿಯ ಕ್ಲ್ಯಾಂಪ್ ತಾನಾಗಿ ಮುಚ್ಚಿರುತ್ತದೆ. ಟ್ಯೂಬನ್ನು ಅದರಿಂದ ಬಿಡಿಸಿ, ಒಂದು ಕೈಯಲ್ಲಿ ಹಿಡಿ, ಕಣ್ಣು ಪೂರ್ತಿ ಟ್ಯೂಬಿನ ಮೇಲೆ.

ಗಾಳಿಗೆ ಅಷ್ಟು ಹೆದರಿಕೆ ಯಾಕೆ ಅಂದರೆ ಈ ಪಂಪಿಗೆ ರಕ್ತ, ಗಾಳಿ ಎರಡೂ ಒಂದೇ. ಗಾಳಿ ಬಂದರೂ ನಿಷ್ಠೆಯಿಂದ ಮುಂದಕ್ಕೆ ನೂಕುತ್ತದೆ.

ಇನ್ನೊಂದು ಲೆಕ್ಕ ಹೇಳುತ್ತೇನೆ. ಸ್ಕ್ರೀನ್‌ನಲ್ಲಿ 250 ಅಂತ ಇದ್ದರೆ ನಿಮಿಷಕ್ಕೆ 250 ಮಿಲಿ. ನಾಲ್ಕು ಗಂಟೆಗೆ 60 ಲೀಟರ್ ಆಯಿತು. ಮೈಯಲ್ಲಿರುವುದು ಸುಮಾರು 5 ಲೀಟರ್. ಅಂದರೆ ಪೂರ್ತಿ ರಕ್ತ ಹನ್ನೆರಡು ಸಲ ಫಿಲ್ಟರ್ ಸುತ್ತಿ ಬಂದ ಲೆಕ್ಕ. ಒಂದು ಗಳಿಗೆಯಲ್ಲಿ ಹೊರಗಿರುವುದು ಮಾತ್ರ ಒಂದು ಲೋಟದಷ್ಟೇ. ಪಂಪಿನೊಳಗಿನ ಟ್ಯೂಬಿನ ಒಳಗಲ ಸಾಮಾನ್ಯವಾಗಿ 8 ಮಿಲಿಮೀಟರ್. ಮುಂದಿನ ಸಲ ವಾಚ್ ಹಿಡಿದು ಸುತ್ತು ಎಣಿಸಿ ನೋಡಿ, ಲೆಕ್ಕ ಕೂಡಿಬರುತ್ತದೆ.

ತುಂಗಾತೀರ:
ಅಕ್ಕಾ, ತುಂಬಾ ಧನ್ಯವಾದ. ಹಿಡಿ ಇದೆ ಅಂತ ಗೊತ್ತಾದದ್ದೇ ಅರ್ಧ ಸಮಾಧಾನ.

ಭಟ್ಟರೇ, ನಿಮ್ಮ ಲಟ್ಟಣಿಗೆ ಪ್ರಯೋಗ ನಮ್ಮ ಮನೆಯಲ್ಲಿ ಫೇಲ್. ಅಟ್ಟದ ಮೇಲೆ ಗಾರೆ ಕೆಲಸದವರು ಬಿಟ್ಟುಹೋದ ಹಳೇ ಲೆವೆಲ್ ಪೈಪ್ ಇತ್ತು. ಅದನ್ನು ತಂದೆ. ಒತ್ತಿದರೆ ಪೂರ್ತಿ ಅಮುಕುವುದಿಲ್ಲ. ಅಮುಕಿದಷ್ಟು ಎದ್ದೇಳುವುದೂ ಇಲ್ಲ. ನೀರು ಎರಡು ಬೆರಳಷ್ಟು ಏರಿ ಹಾಗೇ ನಿಂತಿತು. ಅಮ್ಮ ಬಂದು ನೋಡಿ ಏನೂ ಕೇಳದೆ ಹೋದರು.

ಪಂಪ್‌ಭಟ್ಟ:
ಫೇಲ್ ಅಲ್ಲ ಮಾರಾಯ್ರೆ, ಅದೇ ಪಾಠ. ಎರಡು ಸಂಗತಿ ಒಟ್ಟಿಗೆ ಸಿಕ್ಕಿತು ನಿಮಗೆ.

ಪೂರ್ತಿ ಅಮುಕದಿದ್ದರೆ ನಡುವಿನ ಸಂದಿಯಲ್ಲಿ ನೀರು ಹಿಂದಕ್ಕೆ ಜಾರುತ್ತದೆ. ಅದಕ್ಕೆ ರೋಲರ್ ಮತ್ತು ಗೋಡೆಯ ನಡುವಿನ ಜಾಗವನ್ನು ಟ್ಯೂಬಿನ ಎರಡು ಪದರದ ದಪ್ಪಕ್ಕಿಂತ ಸ್ವಲ್ಪ ಕಡಿಮೆ ಇಡುತ್ತಾರೆ. ಟ್ಯೂಬಿನ ದಪ್ಪ 1.6 ಮಿಲಿಮೀಟರ್ ಅನ್ನಿ. ಎರಡು ಪದರಕ್ಕೆ 3.2 ಆಯಿತು. ಜಾಗ ಸುಮಾರು 2.7 ಇರುತ್ತದೆ. ತೀರಾ ಬಿಗಿ ಮಾಡಿದರೆ ಹರಿವು ಒಂದು ಹನಿಯೂ ಹೆಚ್ಚುವುದಿಲ್ಲ, ಟ್ಯೂಬು ಮಾತ್ರ ಬೇಗ ಸಾಯುತ್ತದೆ. ಹೊಸ ಹುಡುಗರು ಮಾಡುವ ಮೊದಲ ತಪ್ಪು ಇದೇ. ಡೋಸ್ ಕಡಿಮೆ ಬಂತು ಅಂದರೆ ಸ್ಕ್ರೂ ಬಿಗಿ ಮಾಡುತ್ತಾರೆ.

ಎರಡನೆಯದು, ಎದ್ದೇಳದ ಟ್ಯೂಬು ಎಳೆಯುವುದಿಲ್ಲ. ಡಯಾಲಿಸಿಸ್ ಟ್ಯೂಬೂ ಪಿವಿಸಿಯೇ, ನಿಮ್ಮ ಲೆವೆಲ್ ಪೈಪಿನ ಜಾತಿಯೇ. ಆದರೆ ಅದು ಚೆನ್ನಾಗಿ ಮೆತ್ತಗೆ ಮಾಡಿದ ಪಿವಿಸಿ, ನಾಲ್ಕೈದು ಗಂಟೆ ಬಾಳಿದರೆ ಸಾಕು. ನಿಮ್ಮದು ಅಟ್ಟದ ಮೇಲೆ ಎಷ್ಟು ಬೇಸಿಗೆ ಕಂಡಿದೆಯೋ. ಅಕ್ವೇರಿಯಂ ಅಂಗಡಿಯಲ್ಲಿ ಒಂದು ಮೀಟರ್ ಸಿಲಿಕೋನ್ ಟ್ಯೂಬು ತನ್ನಿ, ಆಮೇಲೆ ಹೇಳಿ.

ಸಿಲಿಕೋನ್ ಚೆನ್ನಾಗಿ ಎದ್ದೇಳುತ್ತದೆ, ಔಷಧಿಗೂ ಆಹಾರಕ್ಕೂ ಆಗುತ್ತದೆ, ಆದರೆ ಬೇಗ ಸವೆಯುತ್ತದೆ. ನಾರ್ಪ್ರೀನ್, ಸ್ಯಾಂಟೋಪ್ರೀನ್ ಥರದ ರಬ್ಬರ್ ಜಾತಿಯವು ಎಷ್ಟೋ ಪಟ್ಟು ಜಾಸ್ತಿ ಬಾಳುತ್ತವೆ, ಆದರೆ ಒಳಗೆ ಹರಿಯುವುದು ಕಣ್ಣಿಗೆ ಕಾಣುವುದಿಲ್ಲ. ಕಟುವಾದ ಕೆಮಿಕಲ್‌ಗೆ ವೈಟಾನ್ ಹಾಕುತ್ತಾರೆ. ಅದು ಕೆಮಿಕಲ್ ತಡೆಯುತ್ತದೆ, ಹಿಂಡುವಿಕೆಯನ್ನು ಅಷ್ಟಾಗಿ ತಡೆಯುವುದಿಲ್ಲ. ಎಲ್ಲ ಗುಣವೂ ಇರುವ ಟ್ಯೂಬು ಇನ್ನೂ ನನ್ನ ಕೈಗೆ ಸಿಕ್ಕಿಲ್ಲ.

ಮೆಕ್_ಮಂಜ:
ಎಲ್ಲ ಸರಿ ಸರ್, ಆದರೆ ರಕ್ತಕ್ಕೆ ಇದು ಸರಿಯಾದ ಪಂಪಾ? ಎರಡು ಗೋಡೆ ನಡುವೆ ಅಪ್ಪಚ್ಚಿ ಮಾಡಿದರೆ ರಕ್ತಕಣ ಒಡೆಯೋದಿಲ್ವಾ? ಫ್ಯಾನಿನಂಥ ಚಕ್ರ ತಿರುಗಿ ನೂಕುವ ಸೆಂಟ್ರಿಫ್ಯೂಗಲ್ ಪಂಪ್ ಹಾಕಬಹುದಲ್ಲ. ಹಳೇ ಡಿಸೈನ್ ಅಂತ ಬದಲಾಯಿಸದೆ ಬಿಟ್ಟಿದ್ದಾರೆ ಅನ್ನಿಸುತ್ತದೆ.

ಸೂಜಿಮಲ್ಲಿಗೆ:
ಮಂಜ ಅವರೇ, ಒಡೆಯುವುದಿಲ್ಲ ಅಂತ ನಾನು ಹೇಳುವುದಿಲ್ಲ. ಸ್ವಲ್ಪ ಒಡೆಯುತ್ತವೆ. ಆದರೆ ನಾಲ್ಕು ಗಂಟೆಯ ಕೆಲಸದಲ್ಲಿ, ರೋಲರ್ ಸರಿಯಾಗಿ ಕೂತಿದ್ದರೆ, ದೇಹ ಅದನ್ನು ಸುಧಾರಿಸಿಕೊಳ್ಳುತ್ತದೆ. ನಮ್ಮಲ್ಲಿ ಕಣ ಒಡೆದ ತೊಂದರೆ ಬಂದರೆ ಮೊದಲು ಹುಡುಕುವುದು ಪಂಪನ್ನಲ್ಲ, ಎಲ್ಲಿಯಾದರೂ ಟ್ಯೂಬು ಮಡಚಿಕೊಂಡಿದೆಯಾ ಅಂತ. ಮಡಚಿದ ಸಂದಿಯಲ್ಲಿ ರಭಸವಾಗಿ ನುಗ್ಗುವ ರಕ್ತಕ್ಕೆ ಆಗುವ ಪೆಟ್ಟು ದೊಡ್ಡದು.

ಹೃದಯ, ಶ್ವಾಸಕೋಶದ ಕೆಲಸವನ್ನು ಹೊರಗಿನಿಂದ ಮಾಡುತ್ತಾ ದಿನಗಟ್ಟಲೆ ಓಡುವ ಎಕ್ಮೋ ಯಂತ್ರದಲ್ಲಿ ಈಗ ಹೆಚ್ಚಾಗಿ ಸೆಂಟ್ರಿಫ್ಯೂಗಲ್ಲೇ ಇರುತ್ತದೆ, ನಿಮ್ಮ ಮಾತು ಅಲ್ಲಿ ಸರಿ. ಹಾರ್ಟ್ ಆಪರೇಷನ್ ಥಿಯೇಟರಿನಲ್ಲಿ ಎರಡನ್ನೂ ಬಳಸುತ್ತಾರೆ. ರೋಲರ್ ಬಳಸುವಲ್ಲಿ ಪರ್ಫ್ಯೂಷನಿಸ್ಟ್, ಅಂದರೆ ಆ ಯಂತ್ರ ನಡೆಸುವವರು, ಶುರುವಿಗೆ ಮುಂಚೆ ಬಿಗಿ ಸರಿಮಾಡುತ್ತಾರೆ. ಅವರು ಪೂರ್ತಿ ಮುಚ್ಚುವುದಿಲ್ಲ, ಗೊತ್ತಾ? ಟ್ಯೂಬಿನಲ್ಲಿ ಒಂದು ಮೀಟರ್ ಎತ್ತರಕ್ಕೆ ಸಲೈನ್ ನಿಲ್ಲಿಸಿ, ಪಂಪು ನಿಂತಿರುವಾಗ ಅದು ನಿಮಿಷಕ್ಕೆ ಒಂದು ಸೆಂಟಿಮೀಟರಿನಷ್ಟು ಇಳಿಯುವ ಹಾಗೆ ರೋಲರ್ ಸಡಿಲ ಬಿಡುತ್ತಾರೆ. ಆ ಕೂದಲೆಳೆ ಸಂದಿಯಲ್ಲಿ ಕಣ ಬಚಾವ್.

ಸೆಂಟ್ರಿಫ್ಯೂಗಲ್‌ಗೆ ಹೊರಗೆ ಕ್ಲ್ಯಾಂಪ್ ಬಿದ್ದರೆ ಒಳಗೇ ಸುಮ್ನೆ ಗಿರಗಿರ ತಿರುಗುತ್ತದೆ. ರೋಲರ್ ಹಾಗಲ್ಲ, ಹಟಮಾರಿ. ಮುಂದೆ ದಾರಿ ಮುಚ್ಚಿದ್ದರೂ ಟ್ಯೂಬೋ ಜಾಯಿಂಟೋ ಕಿತ್ತು ಬರುವವರೆಗೆ ನೂಕುತ್ತದೆ. ಅದಕ್ಕೇ ಅದರ ಹಿಂದೆ ಮುಂದೆ ಪ್ರೆಷರ್ ಅಲಾರ್ಮ್.

ನಾನೊಂದು ಗುಟ್ಟು ಹೇಳಲಾ? ಸ್ಕ್ರೀನ್‌ನಲ್ಲಿ ಕಾಣುವ 250 ಯಾರೂ ಅಳೆದದ್ದಲ್ಲ. ಎಷ್ಟು ಸುತ್ತು, ಸುತ್ತಿಗೆ ಎಷ್ಟು ಮಿಲಿ ಅಂತ ಗುಣಿಸಿದ್ದು. ಸೂಜಿ ಸರಿಯಾಗಿ ಕೂರದೆ ರಕ್ತ ಬರಲು ತಿಣುಕಿದರೆ ಪಂಪಿನ ಹಿಂದಿನ ಪ್ರೆಷರ್ ಮೈನಸ್‌ನಲ್ಲಿ ಕೆಳಗೆ ಹೋಗುತ್ತದೆ, ಟ್ಯೂಬು ಪೂರ್ತಿ ದುಂಡಗಾಗುವುದಿಲ್ಲ. ಆಗಲೂ ಸ್ಕ್ರೀನ್ 250 ಅಂತಲೇ ತೋರಿಸುತ್ತದೆ. ಒಳಗೆ ಹೋಗುವುದು ಕಡಿಮೆ. ನಾವು ಅದನ್ನು ಸಾಮಾನ್ಯವಾಗಿ ಮೈನಸ್ 200 (ಬಿಪಿಯ ಹಾಗೆ ಪಾದರಸದ ಮಿಲಿಮೀಟರ್ ಲೆಕ್ಕದಲ್ಲಿ) ದಾಟಲು ಬಿಡುವುದಿಲ್ಲ.

ಮೆಕ್_ಮಂಜ:
ಒಪ್ಪಿದೆ. ಮುಚ್ಚದೆ ಬಿಡುತ್ತಾರೆ ಅನ್ನೋದು ಗೊತ್ತಿರಲಿಲ್ಲ.

ಹಳೇ_ಪೇಪರ್:
ಹಳೇ ಡಿಸೈನ್ ಅನ್ನುವ ಮಾತು ಬಂತಲ್ಲ, ಅದಕ್ಕೆ ಸ್ವಲ್ಪ ಉಪ್ಪುಖಾರ. ಅಮೆರಿಕದಲ್ಲಿ 1855ರಲ್ಲಿ ರೂಫಸ್ ಪೋರ್ಟರ್ ಮತ್ತು ಬ್ರಾಡ್ಲಿ ಎಂಬುವರು ಇದಕ್ಕೆ ಪೇಟೆಂಟ್ ಪಡೆದರು. ಯಾವುದಕ್ಕೆ ಗೊತ್ತಾ? ಬಾವಿ ನೀರು ಎತ್ತಲು. 1881ರಲ್ಲಿ ಯೂಜೀನ್ ಅಲೆನ್ ಇನ್ನೊಂದು ಪೇಟೆಂಟ್ ಪಡೆದರು, ಅದು ರಕ್ತ ಕೊಡುವುದಕ್ಕೆ. 1930ರ ದಶಕದಲ್ಲಿ ಮೈಕೆಲ್ ಡಿಬೇಕಿ ಇನ್ನೂ ವೈದ್ಯ ವಿದ್ಯಾರ್ಥಿಯಾಗಿದ್ದಾಗ ಇದೇ ಜಾತಿಯ ರೋಲರ್ ಪಂಪನ್ನು ತಿದ್ದಿ ರಕ್ತ ವರ್ಗಾವಣೆಗೆ ಒಗ್ಗಿಸಿದರು. ಆಮೇಲೆ ಅವರು ಜಗತ್ತಿನ ದೊಡ್ಡ ಹೃದಯ ಸರ್ಜನ್‌ಗಳಲ್ಲಿ ಒಬ್ಬರಾದರು. 1953ರ ಮೇ 6ರಂದು ಫಿಲಡೆಲ್ಫಿಯಾದಲ್ಲಿ ಜಾನ್ ಗಿಬ್ಬನ್ ಹಾರ್ಟ್-ಲಂಗ್ ಮಷೀನ್ ಇಟ್ಟುಕೊಂಡು ತೆರೆದ ಹೃದಯದ ಶಸ್ತ್ರಚಿಕಿತ್ಸೆಯನ್ನು ಮೊದಲ ಸಲ ಯಶಸ್ವಿಯಾಗಿ ಮಾಡಿದರಲ್ಲ, ಆ ಯಂತ್ರದಲ್ಲೂ ರಕ್ತ ನೂಕಿದ್ದು ರೋಲರ್ ಪಂಪೇ.

ಎಷ್ಟೋ ಕಡೆ ‘ಡಿಬೇಕಿ ಕಂಡುಹಿಡಿದ ಪಂಪ್’ ಅಂತ ಬರೆಯುತ್ತಾರೆ. ಕಂಡುಹಿಡಿದದ್ದಲ್ಲ. ಬಾವಿಕಟ್ಟೆಯಿಂದ ಆಪರೇಷನ್ ಥಿಯೇಟರಿಗೆ ತಂದವರಲ್ಲಿ ಒಬ್ಬರು ಅಂದರೆ ಸರಿ.

ಬಯಲುಸೀಮೆ_ಬಸಣ್ಣ:
ನಮಸ್ಕಾರ ರೀ. ನಮ್ಮದು ನಾಲ್ಕು ಎಕರೆ, ಡ್ರಿಪ್ ಇದೆ. ಜೀವಾಮೃತ ಬಿಡಲು ಇದು ನಡೀತದಾ? ಸೆಗಣಿ, ಹಿಟ್ಟು, ಬೆಲ್ಲ ಎಲ್ಲ ಇರೋದರಿಂದ ನಮ್ಮ ಸಣ್ಣ ಪಂಪಿನ ಇಂಪೆಲ್ಲರ್ ವಾರಕ್ಕೊಮ್ಮೆ ಕಟ್ಟಿಕೊಳ್ಳುತ್ತದೆ. ಫುಟ್‌ವಾಲ್ವ್‌ನಲ್ಲಿ ಕಸ ಸಿಕ್ಕಿದರೆ ಕೊಡಪಾನ ಹಿಡಿದು ಪಂಪಿಗೆ ನೀರು ತುಂಬಿಸೋದೇ ಒಂದು ಕೆಲಸ.

ಪಂಪ್‌ಭಟ್ಟ:
ಬಸಣ್ಣ, ಪ್ರಶ್ನೆ ಬಹಳ ಸರಿಯಾಗಿದೆ. ಗಟ್ಟಿ ಕೆಸರು ಸಾಗಿಸುವುದರಲ್ಲಿ ಈ ಜಾತಿ ಎತ್ತಿದ ಕೈ. ನೀರು ತುಂಬಿಸುವ ಕೆಲಸವೂ ಇಲ್ಲ. ಒಣಗಿದ ಪಂಪೇ ಗಾಳಿಯನ್ನು ಎಳೆದು ಹಾಕಿ ಆಮೇಲೆ ನೀರು ಎತ್ತುತ್ತದೆ. ನೀರಿಲ್ಲದೆ ಓಡಿದರೂ ಬೋರ್ ಮೋಟಾರಿನ ಹಾಗೆ ಸುಟ್ಟುಹೋಗುವುದಿಲ್ಲ.

ಗಣಿಯ ಕೆಸರು, ಸುಣ್ಣದ ಹಾಲು, ಸಿಮೆಂಟ್ ಗ್ರೌಟ್, ಒಳಚರಂಡಿಯ ಸ್ಲಡ್ಜ್, ಇವಕ್ಕೆಲ್ಲ ಇದರ ದೊಡ್ಡಣ್ಣ ಇದ್ದಾನೆ. ಹೋಸ್ ಪಂಪ್ ಅಂತಾರೆ. ತೋಳು ಗಾತ್ರದ, ಒಳಗೆ ನೂಲಿನ ಪದರ ಇರುವ ರಬ್ಬರ್ ಹೋಸ್. ಹಲವು ಮಾಡೆಲ್‌ಗಳಲ್ಲಿ ರೋಲರ್ ಬದಲು ಬೂಟಿನ ಅಟ್ಟೆಯಂಥ ಗಟ್ಟಿ ಹಲಗೆ ಅದನ್ನು ಒತ್ತುತ್ತದೆ. ಉಜ್ಜಿ ಬಿಸಿಯಾಗದಿರಲಿ ಅಂತ ಒಳಗೆಲ್ಲ ಗ್ಲಿಸರಿನ್ ತುಂಬಿರುತ್ತಾರೆ. ನೆದರ್‌ಲ್ಯಾಂಡ್ಸ್‌ನ ಬ್ರೆಡೆಲ್ ಈ ಥರದ್ದಕ್ಕೆ ಹೆಸರುವಾಸಿ. 16 ಬಾರ್ ಒತ್ತಡದವರೆಗೂ ನೂಕುವ ಪಂಪುಗಳಿವೆ. ಮಾಮೂಲಿ ಟ್ಯೂಬಿನ ಸಣ್ಣ ಪಂಪಿಗೆ ಒಂದೆರಡು ಬಾರ್ ಅಂದರೆ ಹೆಚ್ಚು.

ಆದರೆ ನಿಮಗೆ ಅದು ಬೇಡ. ಬೆಲೆ ಕೇಳಿದರೆ ಎಕರೆ ಮಾರುವ ಯೋಚನೆ ಬರುತ್ತದೆ. ಆನ್‌ಲೈನ್‌ನಲ್ಲಿ ಸಿಗುವ 12 ವೋಲ್ಟಿನ ಆಟಿಕೆ ಪಂಪಿನ ಟ್ಯೂಬು ಪೆನ್ಸಿಲ್‌ಗಿಂತ ಸಣ್ಣ, ಒಂದು ಹುಲ್ಲುಕಡ್ಡಿ ಸಾಕು ಕಟ್ಟಿಕೊಳ್ಳಲು. ಅಲ್ಲದೆ ಪಂಪು ಸಾಗಿಸಿದರೂ ನಿಮ್ಮ ಡ್ರಿಪ್ಪರ್ ಕಟ್ಟಿಕೊಳ್ಳುತ್ತದಲ್ಲ? ಎರಡು ಪದರ ಬಟ್ಟೆಯಲ್ಲಿ ಸೋಸಿ, ತಿಳಿ ಬಸಿದು, ಹರಿಯುವ ನೀರೇ ಗೊಬ್ಬರ ಎಳೆದುಕೊಳ್ಳುವ ವೆಂಚುರಿಯಲ್ಲಿ ಬಿಡಿ. ಸೋಸದೆ ಸಾಲಿಗೆ ಹರಿಸುವುದಾದರೆ ಮಡ್ ಪಂಪ್ ನೋಡಿ.

ನನ್ನ ನಿಜವಾದ ಅನುಭವ ಹೈಪೋ ಜೊತೆ. ಕುಡಿಯುವ ನೀರಿಗೆ ಹಾಕುವ ಸೋಡಿಯಂ ಹೈಪೋಕ್ಲೋರೈಟ್. ನಾನಿದ್ದ ಒಂದು ಘಟಕದಲ್ಲಿ ಅದನ್ನು ಅಳತೆಯಾಗಿ ಬಿಡಲು ಡಯಾಫ್ರಾಮ್ ಡೋಸಿಂಗ್ ಪಂಪ್ ಇತ್ತು, ಒಂದು ಪೊರೆ ಹಿಂದೆ ಮುಂದೆ ಆಡಿ ನೂಕುವಂಥದ್ದು. ಒಂದು ಏಪ್ರಿಲ್ ಮಧ್ಯಾಹ್ನ ಟೆಸ್ಟ್ ಟ್ಯೂಬಿನ ನೀರಿಗೆ ಕ್ಲೋರಿನ್ ಪರೀಕ್ಷೆಯ ಡಿಪಿಡಿ ಪುಡಿ ಹಾಕಿದರೆ ಗುಲಾಬಿ ಬಣ್ಣವೇ ಬರಲಿಲ್ಲ. ಕೊನೆಗೆ ಲೀಟರಿಗೆ 0.2 ಮಿಲಿಗ್ರಾಂ ಆದರೂ ಕ್ಲೋರಿನ್ ಉಳಿದಿರಬೇಕು, ಇಲ್ಲಿ ಸೊನ್ನೆ. ಪಂಪಿನ ಹತ್ತಿರ ಓಡಿದರೆ ಟಕ್ ಟಕ್ ಅಂತ ಚೆನ್ನಾಗಿ ಹೊಡೆದುಕೊಳ್ಳುತ್ತಿದೆ!

ಆಗಿದ್ದು ಇಷ್ಟೇ. ಸೆಕೆಗೆ ಹೈಪೋದಿಂದ ಗ್ಯಾಸ್ ಏಳುತ್ತದೆ. ಪಂಪಿನ ತಲೆಯೊಳಗೆ ಒಂದು ಗುಳ್ಳೆ ಕೂತರೆ ಡಯಾಫ್ರಾಮ್ ಆ ಗುಳ್ಳೆಯನ್ನೇ ಒತ್ತುತ್ತದೆ, ಬಿಡುತ್ತದೆ, ಒತ್ತುತ್ತದೆ. ವಾಲ್ವಿನ ಗೋಲಿ ಏಳುವುದೇ ಇಲ್ಲ. ಜೊತೆಗೆ ಆ ಗೋಲಿಗೆ ಉಪ್ಪು ಕಟ್ಟಿಕೊಳ್ಳುತ್ತದೆ. ರೋಲರ್ ಪಂಪಿಗೆ ಗುಳ್ಳೆಯೂ ಒಂದೇ ಹೈಪೋವೂ ಒಂದೇ, ಎರಡನ್ನೂ ನೂಕಿ ಕಳಿಸುತ್ತದೆ. ಸೂಜಿಮಲ್ಲಿಗೆ ಅವರಿಗೆ ಹೆದರಿಕೆ ತರುವ ಗುಣವೇ ನಮಗೆ ವರ. ಆ ಬೇಸಿಗೆಯಲ್ಲೇ ಪಂಪು ಬದಲಾಯಿಸಿದೆವು.

ವರ ಅಂದೆನಲ್ಲ, ಒಂದೇ ವರ್ಷ. ಟ್ಯೂಬು ಬದಲಾಯಿಸುವ ತಾರೀಕು ಯಾರೂ ಬರೆದಿಡಲಿಲ್ಲ, ನಾನೂ ಸೇರಿ. ಒಂದು ರಾತ್ರಿ ಟ್ಯೂಬು ಸೀಳಿತು. ಹೈಪೋ ಎಲ್ಲ ಪಂಪಿನ ತಲೆಯೊಳಗೆ ತುಂಬಿ, ಬೆಳಿಗ್ಗೆ ಬೇರಿಂಗ್ ತುಕ್ಕು ಹಿಡಿದು ಅಲುಗಾಡುತ್ತಿರಲಿಲ್ಲ. ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ 100 ಸುತ್ತು ಅಂದರೆ ದಿನಕ್ಕೆ 1,44,000 ಸುತ್ತು. ಮೂರು ರೋಲರ್ ಇದ್ದರೆ ಟ್ಯೂಬಿನ ಒಂದೇ ಜಾಗ ದಿನಕ್ಕೆ 4,32,000 ಸಲ ಅಪ್ಪಚ್ಚಿಯಾಗುತ್ತದೆ. ಯಾವ ರಬ್ಬರ್ ತಡೆಯುತ್ತದೆ? ಆಮೇಲೆ ಒಳಗಲ ಜಾಸ್ತಿ ಇರುವ ಟ್ಯೂಬು ಹಾಕಿ ನಿಮಿಷಕ್ಕೆ 20 ಸುತ್ತಿಗೆ ಇಳಿಸಿದೆವು. ಅದೇ ಡೋಸ್, ಐದರಲ್ಲಿ ಒಂದು ಪಾಲು ಹಿಂಡುವಿಕೆ. ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಲ್ಲಿ ತಾರೀಕು ಬರೆಯುವ ರೂಢಿ ಅವತ್ತಿಂದ ಶುರು.

ಬೀಕರ್:
ಭಟ್ಟರ ಕೆಂಪು ಪೆನ್ನಿನ ಕಥೆ ಓದಿ ನನ್ನ ದಸರಾ ನೆನಪಾಯಿತು. ನಾನು ನೀರಿನಲ್ಲಿ ಲೋಹದ ಅಂಶ ಅಳೆಯುವ ಲ್ಯಾಬ್‌ನಲ್ಲಿ ಇದ್ದೆ. ಐಸಿಪಿ ಅನ್ನುವ ಯಂತ್ರ. ಅದಕ್ಕೆ ಸ್ಯಾಂಪಲ್ ಉಣಿಸುವುದು ಇದೇ ಪಂಪು. ದಾರದಷ್ಟು ಸಣ್ಣ ಟ್ಯೂಬು, ಗಾತ್ರ ಗುರುತಿಸಲು ಬಣ್ಣಬಣ್ಣದ ಸ್ಟಾಪರ್. ಕೆಲಸ ಮುಗಿದ ಮೇಲೆ ಕ್ಲಿಪ್ ತೆಗೆದು ಟ್ಯೂಬು ಸಡಿಲ ಬಿಡಬೇಕು. ಆಯುಧಪೂಜೆಯ ದಿನ ಯಂತ್ರಕ್ಕೆ ಕುಂಕುಮ, ಹೂವು ಎಲ್ಲ ಇಟ್ಟು, ಕ್ಲಿಪ್ ಮಾತ್ರ ಬಿಚ್ಚದೆ ಊರಿಗೆ ಹೋದೆ.

ವಾಪಸ್ ಬಂದಾಗ ರೋಲರ್ ಕೂತಿದ್ದ ಕಡೆಯೆಲ್ಲ ಟ್ಯೂಬಿಗೆ ಗುಳಿ. ಅದು ಮತ್ತೆ ದುಂಡಗಾಗಲೇ ಇಲ್ಲ. ನನಗೆ ಗೊತ್ತಾಗದೆ ಅರ್ಧ ದಿನ ಸ್ಯಾಂಪಲ್ ಹಾಕಿದೆ. ಒಂದೇ ಬಾಟಲಿಯ ನೀರು ಬೆಳಿಗ್ಗೆ ಒಂದು ಉತ್ತರ, ಮಧ್ಯಾಹ್ನ ಇನ್ನೊಂದು ಉತ್ತರ. ಮೇಡಂ ಬಂದು ನಾನು ಬರೆದಿಟ್ಟಿದ್ದ ಅಂಕಿಗಳನ್ನು ನೋಡಲೇ ಇಲ್ಲ, ಬೆರಳಿನಿಂದ ಟ್ಯೂಬು ಸವರಿದರು. ಎರಡೇ ಸೆಕೆಂಡ್. ‘ಹೊಸದು ಹಾಕು’ ಅಂದು ಹೋದರು.

ಹಸಿರುಮನೆ:
ಪಾಲಿಹೌಸ್‌ನಲ್ಲಿ ಲೆಟ್ಯೂಸ್ ಬೆಳೆಯುತ್ತೇನೆ. ನ್ಯೂಟ್ರಿಯೆಂಟ್ ಎ, ಬಿ, ಮತ್ತೆ ಪಿಎಚ್ ಇಳಿಸುವ ಆಸಿಡ್, ಮೂರಕ್ಕೂ ಮೂರು ಸಣ್ಣ ಪೆರಿಸ್ಟಾಲ್ಟಿಕ್ ಪಂಪ್. ಆಸಿಡ್ ಲೋಹಕ್ಕೆ ತಾಗುವುದೇ ಇಲ್ಲ ಅನ್ನೋದು ದೊಡ್ಡ ಅನುಕೂಲ. ಪ್ರತಿ ತಿಂಗಳು ಒಂದು ನಿಮಿಷ ಅಳತೆ ಜಾರ್‌ಗೆ ಓಡಿಸಿ ಎಷ್ಟು ಮಿಲಿ ಬಂತು ಅಂತ ನೋಡಿ ಕೋಡ್‌ನಲ್ಲಿ ತಿದ್ದುತ್ತೇನೆ. ಟ್ಯೂಬು ಹಳತಾದ ಹಾಗೆ ಹರಿವು ಇಳಿಯುತ್ತಾ ಹೋಗುತ್ತದೆ.

ಒಂದು ಎಚ್ಚರಿಕೆ. ಆಸಿಡ್ ಬಾಟಲಿಯನ್ನು ಟ್ಯಾಂಕಿಗಿಂತ ಮೇಲೆ ಇಡಬೇಡಿ. ಪಂಪು ನಿಂತಾಗ ರೋಲರೇ ಮುಚ್ಚಿರುತ್ತದೆ ಅಂತ ಧೈರ್ಯವಾಗಿ ಶೆಲ್ಫ್ ಮೇಲೆ ಇಟ್ಟಿದ್ದೆ. ಟ್ಯೂಬು ಸವೆದ ಮೇಲೆ ರಾತ್ರಿಯೆಲ್ಲ ಹನಿ ಹನಿಯಾಗಿ ಇಳಿದು ಬೆಳಿಗ್ಗೆ ಪಿಎಚ್ 3ಕ್ಕೆ ಬಂದಿತ್ತು. ಒಂದು ಸಾಲು ಗಿಡ ಹೋಯಿತು.

ಸುಮ್ನೆ_ಬಂದೆ:
ಒಂದು ಪ್ರಶ್ನೆ. ಇಂಕ್‌ಜೆಟ್ ಪ್ರಿಂಟರಿನಲ್ಲಿ ಹೆಡ್ ಕ್ಲೀನಿಂಗ್ ಕೊಟ್ಟಾಗ ಗುರ್ ಗುರ್ ಅಂತ ಸದ್ದು ಬರುತ್ತಲ್ಲ, ಅದೂ ಇದೇನಾ? ಕೆಟ್ಟ ಪ್ರಿಂಟರ್ ಬಿಚ್ಚಿದರೆ ಮೂಲೆಯಲ್ಲಿ ಒಂದು ಸಣ್ಣ ಡಬ್ಬಿ, ಅದರೊಳಗೆ ಟ್ಯೂಬು ಸುತ್ತಿ ಕೂತಿತ್ತು.

ಇನ್ನೊಂದು, ಇದಕ್ಕೆ ಕನ್ನಡದಲ್ಲಿ ‘ಹಿಂಡುಪಂಪು’ ಅಂದರೆ ಹೇಗೆ?

ಮೆಕ್_ಮಂಜ:
ಹೌದು, ಎಷ್ಟೋ ಮಾಡೆಲ್‌ಗಳಲ್ಲಿ ಅದೇ ಇರುತ್ತದೆ. ನಾಝಲ್‌ನಿಂದ ಇಂಕ್ ಹೀರಿ ಕೆಳಗಿನ ಪ್ಯಾಡ್‌ಗೆ ಬಿಡುತ್ತದೆ. ಹೋಟೆಲಿನ ಪಾತ್ರೆ ತೊಳೆಯುವ ದೊಡ್ಡ ಮಷೀನುಗಳಲ್ಲಿ ಸೋಪು ಹಾಕುವುದೂ ಇದೇ. ಹಿಂಡುಪಂಪು ಚೆನ್ನಾಗಿದೆ, ಆದರೆ ಸ್ಪೇರ್ ಪಾರ್ಟ್ ಅಂಗಡಿಯಲ್ಲಿ ಕೇಳಿದರೆ ಬೋರ್‌ವೆಲ್ ಹ್ಯಾಂಡ್‌ಪಂಪ್ ತೋರಿಸುತ್ತಾರೆ.

ತುಂಗಾತೀರ:
ಇವತ್ತು ಡಯಾಲಿಸಿಸ್ ಇತ್ತು. ಈಗ ಮನೆಗೆ ಬಂದು ಬರೆಯುತ್ತಿದ್ದೇನೆ.

ಮೊದಲು ಲಟ್ಟಣಿಗೆ. ಸಿಲಿಕೋನ್ ಟ್ಯೂಬು ತಂದೆ. ನೀರು ಲಟ್ಟಣಿಗೆಯ ಬೆನ್ನಿಗೇ ಅಂಟಿಕೊಂಡ ಹಾಗೆ ಓಡಿ ಬಂತು. ಎರಡನೇ ಲಟ್ಟಣಿಗೆ ಅಮ್ಮ ಹಿಡಿದರು. ನಾಲ್ಕು ಸಲ ಕೈ ಬದಲಾಯಿಸುವ ಹೊತ್ತಿಗೆ ಆಚೆ ತುದಿಯಿಂದ ನೀರು ಬಿತ್ತು. ಆದರೆ ಸಮವಾಗಿ ಬರಲಿಲ್ಲ. ಒಂದು ಲಟ್ಟಣಿಗೆ ಎತ್ತಿದಾಗಲೆಲ್ಲ ಸ್ವಲ್ಪ ಹಿಂದಕ್ಕೆ ಸರಿದು ಮತ್ತೆ ಮುಂದಕ್ಕೆ. ಅಪ್ಪನ ಮಷೀನಿನಲ್ಲೂ ವಾಪಸ್ ಹೋಗುವ ಕಡೆಯ ಸಣ್ಣ ಬುರುಡೆಯಲ್ಲಿ ರಕ್ತದ ಮಟ್ಟ ನಡುಗುವುದು ಕಂಡಿದ್ದೆ. ಅದೂ ಇದೇನಾ ಭಟ್ಟರೇ?

ಸುತ್ತು ಎಣಿಸಿದೆ. ಸ್ಕ್ರೀನ್‌ನಲ್ಲಿ 250, ನಿಮಿಷಕ್ಕೆ 26 ಸುತ್ತು. ಅಂದರೆ ಸುತ್ತಿಗೆ ಹತ್ತು ಮಿಲಿಗೆ ಸ್ವಲ್ಪ ಕಡಿಮೆ. 8 ಮಿಲಿಮೀಟರಿನ ಟ್ಯೂಬಿನಲ್ಲಿ ಒಂದು ಸೆಂಟಿಮೀಟರ್ ಉದ್ದಕ್ಕೆ ಅರ್ಧ ಮಿಲಿ ಹಿಡಿಯುತ್ತದೆ. ಸುತ್ತಿಗೆ ಸುಮಾರು 19 ಸೆಂಟಿಮೀಟರ್ ಉದ್ದದ ರಕ್ತ. ಒಂದು ಗೇಣಿಗೆ ತುಸು ಕಡಿಮೆ.

ಅಪ್ಪನಿಗೆ ಎಚ್ಚರ ಇತ್ತು. ನಾನು ವಾಚ್ ನೋಡಿ ತುಟಿ ಅಲ್ಲಾಡಿಸುವುದನ್ನು ಕಂಡು ಏನು ಅಂತ ಕೇಳಿದರು. ಎಲ್ಲ ಹೇಳಿದೆ. ಪಕ್ಕದ ಬೆಡ್‌ನಲ್ಲಿ ಔಷಧಿ ಕೊಡುವ ಸಣ್ಣ ಇನ್‌ಫ್ಯೂಷನ್ ಪಂಪ್ ಇತ್ತು. ಟ್ಯೂಬು ಹಾಕಲು ಸಿಸ್ಟರ್ ಅದರ ಬಾಗಿಲು ತೆರೆದಾಗ ಅಪ್ಪ ಬಗ್ಗಿ ನೋಡಿದರು. ಅದರಲ್ಲಿ ಚಕ್ರ ಇಲ್ಲ. ಸಾಲಾಗಿ ಸಣ್ಣ ಸಣ್ಣ ಬೆರಳಿನಂಥವು. ಮೇಲಿನಿಂದ ಒಂದಾದ ಮೇಲೆ ಒಂದು ಟ್ಯೂಬನ್ನು ಒತ್ತುತ್ತಾ ಇಳಿಯುತ್ತವಂತೆ.

‘ಇದು ಹಾಲು ಕರೆಯೋದಲ್ವೇನೋ’ ಅಂದರು ಅಪ್ಪ. ಸೂಜಿ ಇಲ್ಲದ ಕೈ ಎತ್ತಿ ತೋರಿಸಿದರು. ಹೆಬ್ಬೆರಳು ತೋರುಬೆರಳು ಮೊದಲು ಬುಡ ಬಿಗಿ ಹಿಡಿಯಬೇಕು, ಇಲ್ಲದಿದ್ದರೆ ಹಾಲು ಕೆಚ್ಚಲಿಗೇ ವಾಪಸ್ ಹೋಗುತ್ತದೆ. ಆಮೇಲೆ ನಡುಬೆರಳು, ಉಂಗುರ ಬೆರಳು, ಕಿರುಬೆರಳು, ಒಂದರ ಹಿಂದೆ ಒಂದು. ಗಾಳಿಯಲ್ಲೇ ನಾಲ್ಕು ಸಲ ಕರೆದರು. ಮನೆಯಲ್ಲಿ ಹಸು ಇಲ್ಲದೆ ಐದು ವರ್ಷವಾಯಿತು.

ಆಮೇಲೆ ಅವರೇ ಸಿಸ್ಟರ್‌ನ ಕರೆದು ‘ಕರೆಂಟ್ ಹೋದರೆ ತಿರುಗಿಸೋ ಹಿಡಿ ಎಲ್ಲಿದೆಯಮ್ಮಾ’ ಅಂತ ಕೇಳಿಬಿಟ್ಟರು. ಆಕೆ ನಗುತ್ತಾ ಮಷೀನಿನ ಹಿಂದಿನಿಂದ ತೆಗೆದು ಕೈಗೆ ಕೊಟ್ಟರು. ಅಪ್ಪ ತೂಗಿ ನೋಡಿ, ‘ಇಷ್ಟು ಹಗುರಾನಾ’ ಅಂದು ವಾಪಸ್ ಕೊಟ್ಟರು.

ಪಂಪ್‌ಭಟ್ಟ:
ಹೌದು, ನಡುಕ ಅದೇ. ರೋಲರ್ ಟ್ಯೂಬಿನಿಂದ ಮೇಲೆದ್ದಾಗ ಅಲ್ಲಿ ಚಪ್ಪಟೆಯಾಗಿದ್ದ ಜಾಗ ತುಂಬಬೇಕಲ್ಲ, ಮುಂದಿನ ರಕ್ತ ಒಂದು ಚೂರು ಹಿಂದೆ ಸರಿದು ಅದನ್ನು ತುಂಬುತ್ತದೆ. ಎರಡು ರೋಲರ್, ಆದ್ದರಿಂದ ಸುತ್ತಿಗೆ ಎರಡು ನಡುಕ. 26 ಸುತ್ತಿಗೆ 52. ಮುಂದಿನ ಸಲ ಅದನ್ನೂ ಎಣಿಸಿ.

ಸೂಜಿಮಲ್ಲಿಗೆ:
ಹಾಲು ಕರೆಯುವುದನ್ನು ನಾಳೆ ನಮ್ಮ ಹೊಸ ಬ್ಯಾಚ್‌ಗೆ ಹೇಳುತ್ತೇನೆ. ಅಪ್ಪನಿಗೆ ಕೇಳಿ ಹೇಳಿ, ಅವರ ಅಪ್ಪಣೆ ಇದೆಯಾ ಅಂತ.

ತುಂಗಾತೀರ:
ಕೇಳಿದೆ ಅಕ್ಕಾ. ‘ಹೆಬ್ಬೆರಳು ಒಳಗೆ ಮಡಚಿ ಕರೆಯೋದು ಕಲಿಸಬೇಡ ಅನ್ನು, ಮೊಲೆ ನೋಯುತ್ತದೆ’ ಅಂದರು.